ಕಿವಿ ಡಾಕ್ಟ್ರು ಬೇಕಾಗಿದ್ದಾರಂತೆ, ಮೇಷ್ಟ್ರು ಬೇಡವಂತೆ

ಹೋದ ವಾರ ನಮ್ಮ ಟಾಲಿಗಂಜ್ ಮನೆಗೆ ಅಕ್ಕನ ಮಗಳು ಬಂದಿದ್ದಳು. ಡಾಕ್ಟರು. ಅದರಲ್ಲೂ ಇಎನ್‌ಟಿ, ಅಂದರೆ ಕಿವಿ-ಮೂಗು-ಗಂಟಲು. ಎಂಎಸ್ ಮುಗಿಸಿ, ಸರ್ಕಾರಕ್ಕೆ ಕೊಡಬೇಕಾದ ಒಂದು ವರ್ಷದ ಕಡ್ಡಾಯ ಸೇವೆಯನ್ನು ಸೀನಿಯರ್ ರೆಸಿಡೆಂಟ್ ಆಗಿ ಮುಗಿಸಿ, ಈಗ ಕೆಲಸ ಹುಡುಕುತ್ತಿದ್ದಾಳೆ. ಯಾವುದಾದರೂ ದೊಡ್ಡ ಆಸ್ಪತ್ರೆ ಸೇರಿಕೊಂಡರೆ ಕೈತುಂಬ ಸಂಬಳ. ಈ ಹುಡುಗಿಗೆ ಅದು ಬೇಡ, ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವೇ ಬೇಕು. ಅದಕ್ಕೇ ಶಿವಮೊಗ್ಗದಿಂದ ಇಷ್ಟು ದೂರ ಇಂಟರ್‌ವ್ಯೂಗೆ ಬಂದಿದ್ದು.

ಅಕ್ಕ ಮೊದಲೇ ಫೋನು ಮಾಡಿ ನನ್ನನ್ನು ತರಾಟೆಗೆ ತಗೊಂಡಿದ್ದಳು. "ನೀನು ಒಬ್ಬ ಹೋಗಿ ಅಲ್ಲೇ ಕೂತಿದ್ದು ಸಾಲದಾ? ಅವಳಿಗೂ ಕಲ್ಕತ್ತಾ ಹುಚ್ಚು ಹಿಡಿಸಬೇಡ" ಅಂತ. ನಾನು 1987ರಲ್ಲಿ ಲೆಕ್ಕಪತ್ರದ ಕೆಲಸಕ್ಕೆ "ಎರಡು ವರ್ಷ ನೋಡೋಣ" ಅಂತ ಬಂದವನು. ಆ ಎರಡು ವರ್ಷ ಇನ್ನೂ ಮುಗಿದಿಲ್ಲ. ಅಕ್ಕನ ಸಿಟ್ಟಿಗೆ ಅರ್ಥ ಇದೆ ಬಿಡಿ. ಅದಕ್ಕಿಂತ ದೊಡ್ಡ ಭಯವೊಂದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಲೇಕ್ ಮಾರ್ಕೆಟ್ಟಿನಿಂದ ತಂದ ಪುಡಿಯಲ್ಲಿ ಫಿಲ್ಟರ್ ಕಾಫಿ ಮಾಡಿಕೊಟ್ಟು, "ಎಲ್ಲಿ, ಆ ಜಾಹೀರಾತು ತೋರ್ಸು ನೋಡೋಣ" ಅಂದೆ. ಮೊಬೈಲಿನಲ್ಲಿ ತೋರಿಸಿದಳು. ಸಹಾಯಕ ಪ್ರಾಧ್ಯಾಪಕರು, ಇಎನ್‌ಟಿ ವಿಭಾಗ, ಹುದ್ದೆ ಒಂದು. ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟ್. ಮೂಲ ಪ್ರಮಾಣಪತ್ರಗಳೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು. ಪ್ರಯಾಣ ಭತ್ಯೆ ಇಲ್ಲ. ಅಷ್ಟೇ! ನಾಲ್ಕು ಸಾಲು. ನಮ್ಮ ಪಾಡಾದಲ್ಲಿ ಅಡುಗೆಯವರು ಬೇಕು ಅಂತ ಅಂಟಿಸುವ ಚೀಟಿಯಲ್ಲೂ ಎಷ್ಟು ಜನಕ್ಕೆ, ಮೀನು ಮಾಡಲು ಬರಬೇಕೋ ಬೇಡವೋ ಅಂತ ಬರೆದಿರುತ್ತಾರೆ. ಇಲ್ಲಿ ವಿಭಾಗದಲ್ಲಿ ವಾರಕ್ಕೆ ಎಷ್ಟು ಆಪರೇಷನ್, ಎಷ್ಟು ವಿದ್ಯಾರ್ಥಿಗಳು, ಮೈಕ್ರೋಸ್ಕೋಪ್ ಇದೆಯೋ ಇಲ್ಲವೋ, ಒಂದೂ ಇಲ್ಲ.

"ಇದೇನೇ, ಪಾಠ ಮಾಡಕ್ಕೆ ಬರತ್ತಾ ಅಂತಾನೂ ಕೇಳಿಲ್ವಲ್ಲ?" ಅಂದೆ.

"ಯಾರೂ ಕೇಳಲ್ಲ ಮಾಮ. ಇದುವರೆಗೆ ಮೂರು ಇಂಟರ್‌ವ್ಯೂ ಆಯ್ತು. ಸರ್ಟಿಫಿಕೇಟ್ ನೋಡ್ತಾರೆ, ಬೇರೆ ಕಾಲೇಜಲ್ಲಿ ಹೆಸರು ಇದೆಯಾ ಕೇಳ್ತಾರೆ, ಯಾವಾಗ ಸೇರ್ತೀರ ಅಂತಾರೆ. ಇನ್‌ಸ್ಪೆಕ್ಷನ್ ಒಳಗೆ ಸೇರಬೇಕಂತೆ."

ಈ ಮಾತು ನನ್ನನ್ನು ಕುಟುಕಿತು. ಯಾಕೆ ಅಂತ ಹೇಳುತ್ತೇನೆ.

ಚಿಕ್ಕಂದಿನಿಂದ ನನಗೆ ಬಲಗಿವಿ ಸೋರುತ್ತಿತ್ತು. ಅಮ್ಮ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತಿದ್ದಳು. ಕಲ್ಕತ್ತೆಗೆ ಬಂದ ಮೇಲೆ ಮೈದಾನದ ಹತ್ತಿರ ಸೂಜಿ, ಹತ್ತಿ ಹಿಡಿದು ಓಡಾಡುವ ಕಿವಿ ಶುದ್ಧಿಯವನ ಕೈಗೂ ಒಮ್ಮೆ ಕಿವಿ ಕೊಟ್ಟಿದ್ದೆ, ನಗಬೇಡಿ. 1996ರಲ್ಲಿ ತಲೆ ಗಿರ್ರನೆ ತಿರುಗಲು ಶುರುವಾದಾಗ ಇಲ್ಲಿಯ ಒಂದು ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋದೆ. ಕೊಲೆಸ್ಟಿಯಟೋಮ ಅಂದರು. ಕಿವಿಯೊಳಗೆ ಸತ್ತ ಚರ್ಮ ಪದರ ಪದರವಾಗಿ ಸೇರಿಕೊಂಡು ಸುತ್ತಲಿನ ಮೂಳೆಯನ್ನೇ ತಿನ್ನುವ ರೋಗ. ಬಿಟ್ಟರೆ ಮಿದುಳಿನ ತನಕ ಹೋಗುತ್ತದೆ. ಅದನ್ನು ತೆಗೆಯಬೇಕಾದರೆ ಕಿವಿಯ ಹಿಂದಿನ ಮೂಳೆ ಕೊರೆಯಬೇಕು. ಮುಖದ ನರ ಆ ಮೂಳೆಯ ಒಳಗೇ ಹಾದುಹೋಗುತ್ತದೆ. ಕೈ ಒಂಚೂರು ತಪ್ಪಿದರೆ ಅರ್ಧ ಮುಖ ಶಾಶ್ವತವಾಗಿ ಜೋಲು!

ನನ್ನನ್ನು ನೋಡಿದ ಪ್ರೊಫೆಸರ್ ವಯಸ್ಸಾದ ಬಂಗಾಳಿ. ಆಪರೇಷನ್ನಿನ ಹಿಂದಿನ ದಿನ ಏಳೆಂಟು ಹುಡುಗ ಹುಡುಗಿಯರನ್ನು ನನ್ನ ಮಂಚದ ಸುತ್ತ ನಿಲ್ಲಿಸಿ, ಒಬ್ಬೊಬ್ಬರಿಗೂ ಕಿವಿ ತೋರಿಸಿ ಅರ್ಧ ಗಂಟೆ ಪಾಠ ಮಾಡಿದರು. ನನಗೆ ಮುಜುಗರ. ಆಮೇಲೆ ನನ್ನ ಕಡೆ ತಿರುಗಿ, ಇವರಿಗೆ ಇವತ್ತು ನಿಮ್ಮ ಕಿವಿಯೇ ಪುಸ್ತಕ, ಬೇಜಾರು ಮಾಡ್ಕೋಬೇಡಿ ಅನ್ನುವ ಅರ್ಥದಲ್ಲಿ ಏನೋ ಹೇಳಿದರು. ಆಗ ನನ್ನ ಬಂಗಾಳಿ ಅಷ್ಟಕ್ಕಷ್ಟೆ. ಮುಖ ಈಗಲೂ ನೆಟ್ಟಗಿದೆ, ಕಿವಿ ಮುಕ್ಕಾಲು ಪಾಲು ಕೇಳಿಸುತ್ತದೆ. ಮೊನ್ನೆ ಅಕ್ಕನ ಮಗಳು ತನ್ನ ದೀಪದ ಉಪಕರಣ ತೂರಿಸಿ ನೋಡಿ, "ಎಷ್ಟು ಚೆನ್ನಾಗಿ ಮಾಡಿದ್ದಾರೆ ಮಾಮ!" ಅಂದಳು. ಅಂಥವರು ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟಿನಲ್ಲಿ ತಯಾರಾಗುತ್ತಾರೆಯೇ?

ಸ್ವಲ್ಪ ಲೆಕ್ಕ ಹೇಳುತ್ತೇನೆ, ಅದು ನನ್ನ ಕಸುಬು. ಎಂಬಿಬಿಎಸ್ ಆದ ಮೇಲೆ ಮೂರು ವರ್ಷ ಎಂಎಸ್. ಅದಾದ ಮೇಲೆ ಕನಿಷ್ಠ ಒಂದು ವರ್ಷ ಸೀನಿಯರ್ ರೆಸಿಡೆಂಟ್. ಆಗ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ. ಅಲ್ಲಿ ನಾಲ್ಕು ವರ್ಷ, ಜೊತೆಗೆ ಸಂಶೋಧನಾ ಲೇಖನಗಳು, ಬೋಧನೆಯ ಬಗ್ಗೆ ಒಂದು ಕೋರ್ಸು, ಸಂಶೋಧನೆಯ ಬಗ್ಗೆ ಇನ್ನೊಂದು. ಆಗ ಸಹ ಪ್ರಾಧ್ಯಾಪಕ. ಇನ್ನು ಮೂರು ವರ್ಷಕ್ಕೆ ಪ್ರೊಫೆಸರ್. ಇದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ. 2020ರಲ್ಲಿ ಹಳೆಯ ಮೆಡಿಕಲ್ ಕೌನ್ಸಿಲ್ ಹೋಗಿ ಈ ಆಯೋಗ ಬಂತು. ಕಾಗದದ ಮೇಲೆ ನೇರ ಮೆಟ್ಟಿಲು. ಆದರೆ ಮೆಡಿಸಿನ್, ಸರ್ಜರಿ ವಿಭಾಗಗಳಿಗೆ ನಾಲ್ಕಾರು ಯೂನಿಟ್ ಇದ್ದರೆ ಇಎನ್‌ಟಿಗೆ ಎಷ್ಟೋ ಕಾಲೇಜುಗಳಲ್ಲಿ ಒಂದೇ ಯೂನಿಟ್. ಮೇಲಿನವರು ನಿವೃತ್ತಿ ಆಗುವ ತನಕ ಕೆಳಗಿನವರಿಗೆ ದಾರಿ ಇಲ್ಲ. ಹನ್ನೊಂದು ತಿಂಗಳಿಗೊಮ್ಮೆ ಕಾಲೇಜು ಬದಲಿಸುವವರಂತೂ ಯಾವ ಮೆಟ್ಟಿಲ ಮೇಲೆ ನಿಲ್ಲಬೇಕು?

ಹಾಗಾದರೆ ಹುದ್ದೆಗಳೇ ಇಲ್ಲವೇ ಅಂದರೆ, ಇವೆ. 2014ಕ್ಕೆ ಮುಂಚೆ ದೇಶದಲ್ಲಿ 387 ಮೆಡಿಕಲ್ ಕಾಲೇಜುಗಳಿದ್ದವು, 2024-25ರ ಹೊತ್ತಿಗೆ 780. ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು. ಕಟ್ಟಡ ಎರಡು ವರ್ಷದಲ್ಲಿ ಏಳಬಹುದು, ಮೇಷ್ಟ್ರು ಏಳುವುದಿಲ್ಲ. ಅದಕ್ಕೇ ಈ ಪರದಾಟ. ಇವಳ ಜೊತೆ ಓದಿದ ಹುಡುಗಿಗೆ ಒಬ್ಬ ಏಜೆಂಟ್ ಫೋನು ಮಾಡಿದ್ದನಂತೆ, "ಮೇಡಂ, ತಿಂಗಳಲ್ಲಿ ನಾಲ್ಕು ದಿನ ಬಂದು ಹೋಗಿ ಸಾಕು, ಹೆಸರು ನಮ್ಮಲ್ಲಿರಲಿ." ಇದನ್ನು ತಡೆಯಲು ಆಯೋಗ ಮೊದಲು ಬೆರಳಚ್ಚಿನ ಹಾಜರಿ ತಂದಿತು, 2025ರ ಮೇ 1ರಿಂದ ಮುಖ ತೋರಿಸಿ ಹಾಜರಿ ಹಾಕಬೇಕು, ಅದೂ ಕಾಲೇಜಿನ ಆವರಣದಲ್ಲೇ ನಿಂತು. ಒಳ್ಳೆಯದೇ. ಆದರೆ ಅದೇ ವರ್ಷ ಕಾಲೇಜುಗಳ ತಪಾಸಣೆಯ ಗುಟ್ಟು ಮಾರಿಕೊಂಡ ಆರೋಪದ ಮೇಲೆ ಸಿಬಿಐ ಅಧಿಕಾರಿಗಳ ಮೇಲೂ ಕೇಸು ಹಾಕಿತು. ಮುಖ ಬಂದಿದೆಯೇ ಅಂತ ಯಂತ್ರ ಹೇಳುತ್ತದೆ. ಆ ಮುಖ ಬಾಯಿ ಬಿಟ್ಟು ಪಾಠ ಮಾಡಿತೇ ಅಂತ ಯಾರು ಹೇಳಬೇಕು?

2025ರಲ್ಲೇ ಇನ್ನೊಂದು ನಿಯಮ ಬಂತು. 220ಕ್ಕಿಂತ ಹೆಚ್ಚು ಹಾಸಿಗೆಯ ಸರ್ಕಾರಿ ಆಸ್ಪತ್ರೆಯಲ್ಲಿ ಹತ್ತು ವರ್ಷ ಕೆಲಸ ಮಾಡಿದ ತಜ್ಞರು ನೇರ ಸಹ ಪ್ರಾಧ್ಯಾಪಕರಾಗಬಹುದು. ಎರಡು ವರ್ಷ ಮಾಡಿದವರು ಸೀನಿಯರ್ ರೆಸಿಡೆಂಟ್ ಆಗದೆಯೇ ಸಹಾಯಕ ಪ್ರಾಧ್ಯಾಪಕರಾಗಬಹುದು. ಅಕ್ಕನ ಮಗಳಿಗೆ ಇದರ ಮೇಲೆ ಕೋಪ. "ನಾವು ಮೆಟ್ಟಿಲು ಹತ್ತಬೇಕು, ಅವರಿಗೆ ಲಿಫ್ಟು" ಅಂತ. ನಾನು ಒಪ್ಪಲಿಲ್ಲ. ನಮ್ಮ ಮನೆಯ ಹತ್ತಿರವೇ ಎಂ. ಆರ್. ಬಂಗೂರ್ ಆಸ್ಪತ್ರೆ ಇದೆ. ಬೆಳಗ್ಗೆ ಆ ದಾರಿಯಲ್ಲಿ ಹೋದರೆ ಸುಂದರಬನದ ಕಡೆಯಿಂದ ಬಂದವರ ಸಾಲು ನೋಡಬೇಕು ನೀವು. ಅಂಥ ಆಸ್ಪತ್ರೆಯಲ್ಲಿ ಹತ್ತು ವರ್ಷ ಕೂತವರು ಮಕ್ಕಳ ಮೂಗಿನಿಂದ ಎಷ್ಟು ಹುಣಸೆಬೀಜ, ಎಷ್ಟು ಬಟನ್ ಬ್ಯಾಟರಿ ತೆಗೆದಿರಬಹುದು! ಆ ಅನುಭವ ಕ್ಲಾಸಿಗೆ ಬರಬೇಕು. ಆದರೆ ಗೊತ್ತಿರುವುದು ಬೇರೆ, ಹೇಳಿಕೊಡಲು ಬರುವುದು ಬೇರೆ. ನಮ್ಮ ಆಫೀಸಿನಲ್ಲಿ ಅಪ್ರತಿಮ ಲೆಕ್ಕಿಗರೊಬ್ಬರಿದ್ದರು, ಹೊಸಬರು ಏನಾದರೂ ಕೇಳಿದರೆ ಲೆಡ್ಜರ್ ಕಿತ್ತುಕೊಂಡು ತಾವೇ ಬರೆದು ಮುಗಿಸುತ್ತಿದ್ದರು. ಅವರಿಂದ ಒಬ್ಬನೂ ಕಲಿಯಲಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಇಂಟರ್‌ವ್ಯೂ ದಿನ ಅಭ್ಯರ್ಥಿಯ ಮುಂದೆ ಹತ್ತು ಜನ ವಿದ್ಯಾರ್ಥಿಗಳನ್ನು ಕೂರಿಸಿ, ಒಬ್ಬ ರೋಗಿಯನ್ನು ಕರೆತಂದು, "ಇಪ್ಪತ್ತು ನಿಮಿಷ ಪಾಠ ಮಾಡಿ" ಅನ್ನಬೇಕು. ಸರ್ಟಿಫಿಕೇಟ್ ಆಮೇಲೆ ನೋಡಿಕೊಳ್ಳಿ. ಕಾಲೇಜೂ ತನ್ನದನ್ನು ಜಾಹೀರಾತಿನಲ್ಲಿ ಹೇಳಿಕೊಳ್ಳಲಿ. ಕಿವಿಯ ಮೂಳೆಯನ್ನು, ಅದೇ ಟೆಂಪೊರಲ್ ಬೋನನ್ನು, ಕೊರೆದು ಅಭ್ಯಾಸ ಮಾಡುವ ಲ್ಯಾಬ್ ಇದೆಯೇ? ಸತ್ತವರ ಮೂಳೆಯ ಮೇಲೆ ಕೈ ಪಳಗಿಸಿಕೊಳ್ಳದ ಹುಡುಗ ನಾಳೆ ನನ್ನಂಥವನ ಮುಖದ ನರದ ಪಕ್ಕ ಡ್ರಿಲ್ ಹಿಡಿಯುತ್ತಾನೆ. ಇದೇ ಊರಿನ ಮೆಡಿಕಲ್ ಕಾಲೇಜು 1835ರಲ್ಲಿ ಶುರುವಾದದ್ದು. ಮರುವರ್ಷವೇ ಮಧುಸೂದನ ಗುಪ್ತ ಎಂಬ ಪಂಡಿತರು ಜಾತಿ, ಮಡಿ ಎಲ್ಲ ಬದಿಗಿಟ್ಟು ಶವಚ್ಛೇದನಕ್ಕೆ ಕೈ ಹಾಕಿದರು. ಇನ್ನೂರು ವರ್ಷ ಹತ್ತಿರವಾದರೂ ನಾವು ಲ್ಯಾಬ್ ಇದೆಯೇ ಅಂತ ಕೇಳಬೇಕಾಗಿದೆ ನೋಡಿ.

ಇಎನ್‌ಟಿ ಅಂದರೆ ನೆಗಡಿ ಡಾಕ್ಟರು ಅನ್ನುವ ತಾತ್ಸಾರವೂ ಇದೆ. 2021ರಲ್ಲಿ ಕೋವಿಡ್ ಹಿಂದೆಯೇ ಕಪ್ಪು ಶಿಲೀಂಧ್ರ ಬಂದಾಗ ಮೂಗಿನೊಳಗೆ ದುರ್ಬೀನು ಹಾಕಿ ಸತ್ತ ಮೂಳೆ ಕೆರೆದು ತೆಗೆದವರು ಇವರೇ. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಆಗ ಇಂಥ ರೋಗಿಗಳಿಂದ ತುಂಬಿತ್ತು. ನಮ್ಮ ಹುಡುಗಿ ಆಗ ಎಂಎಸ್ ಮೊದಲ ವರ್ಷ, ಬೇರೊಂದು ಊರಿನಲ್ಲಿ. ಕಣ್ಣು ಕಳೆದುಕೊಂಡವರನ್ನು ನೋಡಿದ ಕಥೆ ಅರ್ಧ ಹೇಳಿ ನಿಲ್ಲಿಸಿಬಿಟ್ಟಳು. ಗುಟ್ಕಾ ತಿಂದು ಬಾಯಿ, ಗಂಟಲು ಕ್ಯಾನ್ಸರ್ ತಂದುಕೊಳ್ಳುವವರು ಮೊದಲು ಬರುವುದೂ ಎಷ್ಟೋ ಸಲ ಇವರ ಬಾಗಿಲಿಗೇ. ಇನ್ನು ಕಿವುಡು. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಪ್ರಕಾರ ಚಿಕಿತ್ಸೆ ಅಗತ್ಯ ಇರುವಷ್ಟು ಕಿವಿ ಕೇಳಿಸದವರು ಜಗತ್ತಿನಲ್ಲಿ 43 ಕೋಟಿ. ಹುಟ್ಟುಕಿವುಡು ಮಗುವಿಗೆ ಬೇಗ ಕಾಕ್ಲಿಯರ್ ಇಂಪ್ಲಾಂಟ್ ಹಾಕಿದರೆ ಮಾತು ಬರುತ್ತದೆ, ತಡವಾದರೆ ಕಷ್ಟ. ವಾಕ್ ಶ್ರವಣಕ್ಕೇ ಅಂತ ಮೈಸೂರಿನಲ್ಲಿ ಒಂದು ಸಂಸ್ಥೆ 1960ರ ದಶಕದಿಂದ ನಡೆಯುತ್ತಿದೆ, ಮಾನಸಗಂಗೋತ್ರಿಯಲ್ಲಿ. ಆದರೆ ಆ ಮಗುವಿನ ಕಿವುಡನ್ನು ಮೊದಲು ಗುರುತಿಸಬೇಕಾದವನು ಹಳ್ಳಿಯ ಎಂಬಿಬಿಎಸ್ ಡಾಕ್ಟರು. ಅವನಿಗೆ ಕಾಲೇಜಿನಲ್ಲಿ ಇಎನ್‌ಟಿ ಪಾಠ ಮಾಡಿದ್ದು ಯಾರು? ಯಾರೂ ಇರಲಿಲ್ಲವೇ?

ಈಗ ಅಕ್ಕನ ಭಯ. 2024ರ ಆಗಸ್ಟ್ 9ರಂದು ಇಲ್ಲಿಯ ಆರ್. ಜಿ. ಕರ್ ಮೆಡಿಕಲ್ ಕಾಲೇಜಿನ ಸೆಮಿನಾರ್ ಕೋಣೆಯಲ್ಲಿ ರಾತ್ರಿ ಡ್ಯೂಟಿ ಮಾಡುತ್ತಿದ್ದ ಓದುವ ಹುಡುಗಿ, ಡಾಕ್ಟರು, ಅತ್ಯಾಚಾರಕ್ಕೊಳಗಾಗಿ ಕೊಲೆಯಾದಳು. ಆ ತಿಂಗಳು ರಾತ್ರಿ ಬೀದಿಗಿಳಿದ ಹೆಂಗಸರಲ್ಲಿ ನನ್ನ ಹೆಂಡತಿಯೂ ಇದ್ದಳು. 2025ರ ಜನವರಿಯಲ್ಲಿ ಒಬ್ಬನಿಗೆ ಜೀವಾವಧಿ ಶಿಕ್ಷೆ ಆಯಿತು. ಅಕ್ಕನಿಗೆ ನಾನು ಯಾವ ಧೈರ್ಯದ ಮಾತೂ ಹೇಳಲಿಲ್ಲ, ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಅಕ್ಕನ ಮಗಳಿಗೆ ಮಾತ್ರ ಒಂದು ಹೇಳಿದೆ. ಇಂಟರ್‌ವ್ಯೂನಲ್ಲಿ ಕೊನೆಗೆ "ನಿಮ್ಮದೇನಾದರೂ ಪ್ರಶ್ನೆ ಇದೆಯಾ" ಅಂತಾರಲ್ಲ, ಆಗ ರಾತ್ರಿ ಡ್ಯೂಟಿಯವರು ಮಲಗುವ ಕೋಣೆ ಎಲ್ಲಿದೆ, ಬಾಗಿಲಿಗೆ ಒಳಗಿಂದ ಚಿಲಕ ಇದೆಯಾ ಅಂತ ಕೇಳು. ಮುಖ ಸಿಂಡರಿಸಿದರೆ ಎದ್ದು ಬಾ.

ದುಡ್ಡಿನ ಮಾತೂ ಬಂತು. ಅವಳ ಓದಿನ ಸಾಲ ಇನ್ನೂ ಇದೆ. ಏಮ್ಸ್‌ಗಳಲ್ಲಿ ಸಹಾಯಕ ಪ್ರಾಧ್ಯಾಪಕರ ಮೂಲವೇತನ 1,01,500ದಿಂದ ಶುರು, ಕಾಯಂ ಕೆಲಸ, ದೇಶದವರೆಲ್ಲ ಅರ್ಜಿ ಹಾಕಬಹುದು. ಇಲ್ಲಿಂದ ಲೋಕಲ್ ರೈಲಿನಲ್ಲಿ ಹೋಗುವಷ್ಟು ದೂರದ ಕಲ್ಯಾಣಿಯಲ್ಲೇ ಒಂದಿದೆ. ನಮ್ಮ ರಾಯಚೂರಿನವರು ತಮ್ಮೂರಿಗೂ ಒಂದು ಕೊಡಿ ಅಂತ 2022ರಲ್ಲಿ ಧರಣಿ ಕೂತರು. ಅದು ಬಂದಿದ್ದರೆ ಈ ಹುಡುಗಿ ಇಷ್ಟು ದೂರ ಬರಬೇಕಿರಲಿಲ್ಲ. ತಮಾಷೆ ಅಂದರೆ ಇಲ್ಲಿಯ ರೋಗಿಗಳು ಹೌರಾದಲ್ಲಿ ರೈಲು ಹತ್ತಿ ವೆಲ್ಲೂರಿಗೆ, ಬೆಂಗಳೂರಿಗೆ ಹೋಗುತ್ತಾರೆ, ಅಲ್ಲಿಯ ಡಾಕ್ಟರು ಕೆಲಸಕ್ಕೆ ಈ ಕಡೆ ರೈಲು ಹತ್ತುತ್ತಾಳೆ. ಇದು ಹೊಸದೇನಲ್ಲ ಬಿಡಿ, ಕಿನ್ನಿಗೋಳಿಯ ದೇವಿ ಶೆಟ್ಟರು ಬೆಂಗಳೂರಿಗೆ ಮುಂಚೆ ಹೆಸರು ಮಾಡಿದ್ದು 1989ರಿಂದ ಇಲ್ಲಿಯ ಬಿರ್ಲಾ ಹೃದಯ ಆಸ್ಪತ್ರೆಯಲ್ಲಿ. ಅದಕ್ಕೂ ಹಿಂದೆ ಹೋದರೆ, 1806ರ ವೆಲ್ಲೂರು ದಂಗೆಯಾದ ಮೇಲೆ ಕಂಪನಿಯವರು ಟಿಪ್ಪು ಸುಲ್ತಾನನ ಮಕ್ಕಳನ್ನು ತಂದಿಟ್ಟದ್ದು ಇದೇ ಟಾಲಿಗಂಜ್‌ನಲ್ಲಿ. ಅವರಿಗೆ ಇಂಟರ್‌ವ್ಯೂ ಇರಲಿಲ್ಲ, ಪ್ರಯಾಣ ಭತ್ಯೆ ಸರ್ಕಾರದ್ದೇ!

ಗುರುವಾರ ಬೆಳಗ್ಗೆ ಅವಳನ್ನು ಮೆಟ್ರೋ ತನಕ ಬಿಟ್ಟು ಬಂದೆ. ಸಂಜೆ ಬಂದು ಚಪ್ಪಲಿ ಬಿಡುತ್ತಲೇ ಹೇಳಿದಳು. ಲ್ಯಾಬ್ ಇದೆಯಂತೆ, ಡ್ರಿಲ್ ಕೆಟ್ಟಿದೆಯಂತೆ. ಚಿಲಕದ ಪ್ರಶ್ನೆಗೆ ಮೂವರಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡರಂತೆ. ಮೂರನೆಯವರು, ಇಎನ್‌ಟಿ ಮುಖ್ಯಸ್ಥೆ, ಎದ್ದು ಬಂದು ಕೋಣೆ ತೋರಿಸಿದರಂತೆ, ಚಿಲಕ ಹಾಕಿ ತೆಗೆದು. ಆಮೇಲೆ ಅಲ್ಲೇ ಕಾರಿಡಾರಿನಲ್ಲಿ ನಿಂತಿದ್ದ ಇಬ್ಬರು ವಿದ್ಯಾರ್ಥಿಗಳನ್ನು ಕರೆದು, "ಇವರಿಗೆ ಕಿವಿತಮಟೆ ತೂತಾಗುವುದು ಯಾಕೆ ಅಂತ ಹೇಳಿ ನೋಡೋಣ" ಅಂದರಂತೆ.

"ಹೇಳಿದ್ಯಾ?"

"ಹೇಳ್ದೆ ಮಾಮ. ಅರ್ಧ ಇಂಗ್ಲಿಷು, ಅರ್ಧ ಹಿಂದಿ. ಬಂಗಾಳಿ ಕಲಿಬೇಕು."

ಅಕ್ಕನಿಗೆ ಇನ್ನೂ ಫೋನು ಮಾಡಿಲ್ಲ.