ಸಾಲ ತೀರಿತು, ಕಳಂಕ ತೀರಲಿಲ್ಲ

"ನಿಮ್ಮ ಸಿಬಿಲ್ ಸರಿಯಿಲ್ಲ ರೀ, ಆಗೋದಿಲ್ಲ."

ಬ್ಯಾಂಕಿಗೆ ಸಾಲ ಕೇಳಲು ಹೋದ ಎಷ್ಟೋ ಜನರಿಗೆ ಈಗ ಸಿಗುತ್ತಿರುವ ಪ್ರಸಾದ ಇಷ್ಟೇ. ಅರ್ಜಿ ವಾಪಸ್ಸು, ಕಾಗದಪತ್ರ ವಾಪಸ್ಸು. ಏನು ಸರಿಯಿಲ್ಲ, ಸರಿಯಿಲ್ಲ ಅಂದವರು ಯಾರು, ಸರಿ ಮಾಡಬೇಕಾದವರು ಯಾರು ಅಂತ ಕೇಳಿದರೆ ಸಾಹೇಬರು ಕಂಪ್ಯೂಟರಿನ ಕಡೆ ಕೈ ತೋರಿಸುತ್ತಾರೆ. ಕಂಪ್ಯೂಟರು ಬಾಯಿ ಬಿಡೋದಿಲ್ಲ. ಹಬ್ಬಕ್ಕೆ ಸರಕು ತುಂಬಬೇಕೆಂದಿದ್ದ ಅಂಗಡಿಯವರು, ಮಗಳ ಕಾಲೇಜು ಫೀಜಿಗೆ ಪರದಾಡುತ್ತಿರುವ ಗುಮಾಸ್ತರು, ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿಕೊಂಡು ಆಚೆ ಬರುತ್ತಾರೆ.

ಯಾಕೆ ಸ್ವಾಮಿ ತಲೆ ತಗ್ಗಿಸಬೇಕು? ಸಾಲ ಕೊಡುವುದಿಲ್ಲ ಅನ್ನುವ ಹಕ್ಕು ಬ್ಯಾಂಕಿಗೆ ಇದೆ, ಒಪ್ಪೋಣ. ಆದರೆ ಬಾಯಿಮಾತಿನಲ್ಲಿ ಅಟ್ಟುವ ಹಕ್ಕು ಇಲ್ಲ. ಅರ್ಜಿ ತಳ್ಳಿಹಾಕಿದರೆ ಮುಖ್ಯ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕು ಎಂದು ರಿಜರ್ವ್ ಬ್ಯಾಂಕು ಹೇಳಿ ಎಷ್ಟೋ ವರ್ಷವಾಯಿತು. ಮೊದಲು ಸಣ್ಣ ಸಾಲಗಳಿಗೆ ಮಾತ್ರ ಇದ್ದ ಈ ನಿಯಮವನ್ನು 2007ರಲ್ಲಿ ಎಲ್ಲ ಬಗೆಯ ಸಾಲಕ್ಕೂ ವಿಸ್ತರಿಸಿದರು. ಆದರೆ ನಾವು ಕೇಳುವುದಿಲ್ಲ, ಅವರು ಕೊಡುವುದಿಲ್ಲ. ಕಾರಣ ಕಾಗದದಲ್ಲಿ ಇಲ್ಲದಿದ್ದ ಮೇಲೆ ತಪ್ಪು ಎಲ್ಲಿದೆ ಅಂತ ಹುಡುಕುವುದು ಹೇಗೆ?

ಸಿಬಿಲ್ ಅಂದರೆ ಯಾರು?

ಸಿಬಿಲ್ ಸರ್ಕಾರದ ಇಲಾಖೆ ಅಂತ ತಿಳಿದವರು ಬಹಳ. ಅದು 2000ದಲ್ಲಿ ಹುಟ್ಟಿದ ಒಂದು ಕಂಪನಿ. ಈಗಿನ ಹೆಸರು ಟ್ರಾನ್ಸ್‌ಯೂನಿಯನ್ ಸಿಬಿಲ್. ಇದೇ ಕಸುಬು ಮಾಡುವ ಇನ್ನೂ ಮೂರು ಕಂಪನಿಗಳಿವೆ: ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್. ಇವು ನಡೆಯುವುದು 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ ಕೆಳಗೆ, ರಿಜರ್ವ್ ಬ್ಯಾಂಕಿನ ಉಸ್ತುವಾರಿಯಲ್ಲಿ.

ಕೆಲಸ ಸರಳ. ಊರಿನ ಎಲ್ಲ ಅಂಗಡಿಗಳ ಉದ್ದರಿ ಪುಸ್ತಕವನ್ನು ಒಬ್ಬನೇ ನಕಲು ಮಾಡಿಟ್ಟುಕೊಂಡರೆ ಹೇಗಿರುತ್ತೆ, ಹಾಗೆ. ಬ್ಯಾಂಕುಗಳು, ಫೈನಾನ್ಸುಗಳು ತಮ್ಮ ಗಿರಾಕಿಗಳ ಕಂತಿನ ಲೆಕ್ಕವನ್ನು ಈ ಕಂಪನಿಗಳಿಗೆ ಕಳಿಸುತ್ತವೆ. ಅವರು ಅದನ್ನೆಲ್ಲ ಒಟ್ಟುಗೂಡಿಸಿ ನಮಗೆ 300ರಿಂದ 900ರ ಒಳಗೆ ಒಂದು ಅಂಕ ಕೊಡುತ್ತಾರೆ. ಇಲ್ಲಿ ಒಂದು ಮಾತು ನೆನಪಿಡಿ: ನಕಲು ಪುಸ್ತಕದವನು ತಾನೇ ತಾನಾಗಿ ಏನನ್ನೂ ತಿದ್ದುವಂತಿಲ್ಲ. ಮೂಲ ಪುಸ್ತಕದವನು, ಅಂದರೆ ಬ್ಯಾಂಕಿನವನು, ಹೌದು ಅನ್ನಬೇಕು. ಆದ್ದರಿಂದ "ಅದು ಸಿಬಿಲ್‌ನವರ ತಪ್ಪು, ನಮಗೆ ಸಂಬಂಧ ಇಲ್ಲ" ಅಂತ ಬ್ಯಾಂಕಿನವರು ಹೇಳಿದರೆ ನಂಬಬೇಡಿ.

ಇಷ್ಟು ಅಂಕ ಇದ್ದರೆ ಮಾತ್ರ ಸಾಲ ಅಂತ ರಿಜರ್ವ್ ಬ್ಯಾಂಕು ಗೆರೆ ಎಳೆದಿದೆಯೇ? ಅದೂ ಇಲ್ಲ. 2025ರ ಆಗಸ್ಟಿನಲ್ಲಿ ಹಣಕಾಸು ಖಾತೆಯ ರಾಜ್ಯ ಸಚಿವ ಪಂಕಜ್ ಚೌಧರಿಯವರು ಲೋಕಸಭೆಯಲ್ಲೇ ಇದನ್ನು ಹೇಳಿದರು. ಮೊದಲ ಸಲ ಸಾಲ ಕೇಳುವವರನ್ನು ಹಿಂದಿನ ಲೆಕ್ಕ ಇಲ್ಲ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು ಎಂಬ ರಿಜರ್ವ್ ಬ್ಯಾಂಕಿನ ಸೂಚನೆಯನ್ನೂ ನೆನಪಿಸಿದರು. ಅದಕ್ಕೂ ಮೊದಲು, 2023ರಲ್ಲಿ, ವಿದ್ಯಾರ್ಥಿಯ ಸಿಬಿಲ್ ಅಂಕ ಕಡಿಮೆ ಎಂಬ ಒಂದೇ ನೆಪದಲ್ಲಿ ವಿದ್ಯಾಸಾಲ ನಿರಾಕರಿಸಬಾರದೆಂದು ಕೇರಳ ಹೈಕೋರ್ಟು ಹೇಳಿತ್ತು. ಗೆರೆ ಎಳೆಯುವವರು ಆಯಾ ಬ್ಯಾಂಕಿನವರು. ಬೈಸಿಕೊಳ್ಳುವುದು ಮಾತ್ರ ಸಿಬಿಲ್!

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ತಪ್ಪುಗಳು ಎಂಥವು? ಮೊದಲನೆಯದು, ಸಾಲ ತೀರಿದೆ, ವರದಿಯಲ್ಲಿ ಮಾತ್ರ ಇನ್ನೂ ಬಾಕಿ ಅಂತ ನಿಂತಿದೆ. ಎರಡನೆಯದು, ಹೆಸರು, ಹುಟ್ಟಿದ ತಾರೀಕು, ಪ್ಯಾನ್ ನಂಬರಿನ ಗೊಂದಲ. ಮಂಜುನಾಥ, ಲಕ್ಷ್ಮಮ್ಮ ಅಂತ ನಮ್ಮ ಜಿಲ್ಲೆಯಲ್ಲಿ ಎಷ್ಟು ಜನರಿಲ್ಲ! ಒಬ್ಬ ಮಂಜುನಾಥ ಟ್ರ್ಯಾಕ್ಟರ್ ಕಂತು ಕಟ್ಟದಿದ್ದರೆ ಇನ್ನೊಬ್ಬ ಮಂಜುನಾಥನ ತಲೆಗೆ ಬರೆ. ಮೂರನೆಯದು, ಒಂದೇ ಸಾಲ ಎರಡು ಸಲ ದಾಖಲಾಗಿರುವುದು. ನಾಲ್ಕನೆಯದು, ಯಾವತ್ತೋ ಬಿಟ್ಟ ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕ ಬೆಳೆದು ಬಾಕಿಯಾಗಿ ಕೂತಿರುವುದು.

ಇವೆಲ್ಲಕ್ಕಿಂತ ಮೋಸದ್ದು "ಸೆಟಲ್ಡ್" ಎಂಬ ಪದ. ಕಷ್ಟಕಾಲದಲ್ಲಿ ಬ್ಯಾಂಕಿನವರೇ ಕರೆದು "ಇಷ್ಟು ಕಟ್ಟಿಬಿಡಿ, ಮುಗಿಸೋಣ" ಅಂತಾರೆ. ಕಟ್ಟಿದವರು ಪೀಡೆ ಕಳೆಯಿತು ಅಂತ ಸಿಹಿ ಹಂಚುತ್ತಾರೆ. ಆದರೆ ವರದಿಯಲ್ಲಿ ಅದು ಪೂರ್ತಿ ತೀರಿಸಿದ ಸಾಲವಲ್ಲ, ರಾಜಿಯಾದ ಸಾಲ. ಮುಂದಿನ ಬ್ಯಾಂಕಿನವನಿಗೆ ಆ ಒಂದು ಪದವೇ ಸಾಕು. ಇದು ತಪ್ಪು ದಾಖಲೆಯಲ್ಲ, ಆದ್ದರಿಂದ ದೂರು ಕೊಟ್ಟರೆ ಅಳಿಸಲಾರರು. ಉಳಿದ ಬಾಕಿ ಕಟ್ಟಿ ಸಾಲ ಪೂರ್ತಿ ಮುಕ್ತಾಯ ಎಂದು ಬರೆಸಿಕೊಳ್ಳುವುದೇ ದಾರಿ. ಸ್ನೇಹಿತನಿಗೆ ಜಾಮೀನು ಹಾಕಿ ಮರೆತವರೂ ಎಚ್ಚರವಾಗಿರಲಿ. ಆ ಸಾಲವೂ ನಿಮ್ಮ ವರದಿಯಲ್ಲಿ ಇರುತ್ತದೆ. ಸಹಿ ಹಾಕಿದ ಮೇಲೆ ಅವನ ಕಂತು ನಿಮ್ಮ ಕಂತೇ.

ನಮ್ಮ ರಾಜ್ಯದವರಿಗೆ ಇನ್ನೊಂದು ತೊಡಕುಂಟು. ಬ್ಯಾಂಕುಗಳ ತವರು ನಮ್ಮದು. ಆದರೆ ಆ ಬೋರ್ಡುಗಳು ಇವತ್ತು ಎಲ್ಲಿ? 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾಕ್ಕೆ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾಕ್ಕೆ. 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾಗಿ ಬಳ್ಳಾರಿಯಲ್ಲಿ ಮುಖ್ಯ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ನೀವು ಸಾಲ ತೀರಿಸಿದ್ದು ಒಂದು ಬ್ಯಾಂಕಿಗೆ, ಇವತ್ತು ಉತ್ತರ ಕೊಡಬೇಕಾದದ್ದು ಇನ್ನೊಂದು. "ಆ ಬ್ಯಾಂಕೇ ಈಗ ಇಲ್ವಲ್ಲ" ಅಂದರೆ ಒಪ್ಪಬೇಡಿ. ಆಸ್ತಿಯ ಜೊತೆ ಹೊಣೆಯನ್ನೂ ವಹಿಸಿಕೊಂಡೇ ಸೇರಿಸಿಕೊಂಡಿದ್ದಾರೆ. ಹಳೇ ರಸೀದಿ, ಪಾಸ್‌ಬುಕ್ಕು, ಬಾಕಿ ಇಲ್ಲ ಎಂಬ ಪತ್ರ ಇವನ್ನು ಮಾತ್ರ ತೂಕಕ್ಕೆ ಹಾಕಬೇಡಿ.

ಮಾಡಬೇಕಾದ್ದೇನು?

ಮೊದಲು, ಕಾರಣ ಬರೆದುಕೊಡಿ ಅಂತ ಕೇಳಿ. ಬರೆದುಕೊಡದಿದ್ದರೆ ನೀವೇ ಒಂದು ಅರ್ಜಿ ಬರೆದು ಕೊಟ್ಟು, ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ.

ಎರಡನೆಯದು, ನಿಮ್ಮ ವರದಿ ತರಿಸಿಕೊಂಡು ನೋಡಿ. 2017ರ ಜನವರಿಯಿಂದ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ನಾಲ್ವರಿಂದ ಮೂರು ತಿಂಗಳಿಗೊಂದರಂತೆ ತರಿಸಿದರೆ ವರ್ಷವಿಡೀ ಕಾವಲು ಕಾದಂತಾಯಿತು, ಕಾಸೂ ಖರ್ಚಿಲ್ಲ. ನಮ್ಮ ವರದಿ ನಾವೇ ನೋಡಿದರೆ ಅಂಕ ಇಳಿಯುವುದಿಲ್ಲ. ಆದರೆ ಒಂದು ಬ್ಯಾಂಕು ಬೇಡ ಅಂದಿತೆಂದು ರೋಷಕ್ಕೆ ಬಿದ್ದು ಒಂದೇ ವಾರದಲ್ಲಿ ಐದು ಕಡೆ ಅರ್ಜಿ ಹಾಕಿದರೆ ಇಳಿಯಬಹುದು.

ಮೂರನೆಯದು, ತಪ್ಪು ಕಂಡರೆ ಬ್ಯಾಂಕಿಗೂ ಕಂಪನಿಗೂ ಬರವಣಿಗೆಯಲ್ಲಿ ದೂರು ಕೊಡಿ. ಜೊತೆಗೆ ರಸೀದಿಯ ನಕಲು, ಫೋನ್ ನಂಬರು, ನಿಮ್ಮ ಬ್ಯಾಂಕ್ ಖಾತೆಯ ನಂಬರು ಇರಲಿ. ಖಾತೆ ನಂಬರು ಯಾಕೆ? ದುಡ್ಡು ಬರುವುದಕ್ಕೆ! 30 ದಿನದೊಳಗೆ ಸರಿಪಡಿಸಬೇಕೆಂಬುದು ಕಾಯ್ದೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಜರ್ವ್ ಬ್ಯಾಂಕು 2023ರ ಅಕ್ಟೋಬರಿನಲ್ಲಿ ಹೊರಡಿಸಿದ ಆದೇಶ 2024ರ ಏಪ್ರಿಲಿನಲ್ಲಿ ಜಾರಿಗೆ ಬಂತು. ಬ್ಯಾಂಕು 21 ದಿನದೊಳಗೆ ಸರಿಯಾದ ಮಾಹಿತಿ ಕಳಿಸದಿದ್ದರೆ ಬ್ಯಾಂಕು ತೆರಬೇಕು. ಬ್ಯಾಂಕು ಕಳಿಸಿಯೂ ಕಂಪನಿ ಕೂತರೆ ಕಂಪನಿ ತೆರಬೇಕು. 50ನೇ ದಿನ ಸರಿಹೋಯಿತು ಅನ್ನಿ, 20 ದಿನಕ್ಕೆ 2,000 ರೂಪಾಯಿ. ಒಂದು ಎಚ್ಚರಿಕೆ: "ಅಂಕ ಕಡಿಮೆ ಕೊಟ್ಟಿದ್ದೀರಿ" ಅಂತ ಜಗಳವಾಡಿದರೆ ಈ ಪರಿಹಾರ ಸಿಗದು. ಜಗಳ ತಪ್ಪು ಮಾಹಿತಿಯ ಮೇಲೆ ಇರಬೇಕು.

ನಾಲ್ಕನೆಯದು, ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರವಿಲ್ಲ, ಅಥವಾ ಉತ್ತರ ಹಾರಿಕೆಯದು ಅಂದರೆ ರಿಜರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. 2022ರಿಂದ ಸಿಬಿಲ್‌ನಂಥ ಕಂಪನಿಗಳೂ ಅವರ ವ್ಯಾಪ್ತಿಗೆ ಬಂದಿವೆ. ಫೀಜಿಲ್ಲ, ಲಾಯರು ಬೇಕಿಲ್ಲ. ಚಂಡೀಗಢದ ರಿಜರ್ವ್ ಬ್ಯಾಂಕ್ ಕೇಂದ್ರಕ್ಕೆ ಕನ್ನಡದಲ್ಲೇ ಪತ್ರ ಬರೆಯಬಹುದು. ದಾರಿ ತಿಳಿಯದಿದ್ದರೆ 14448ಕ್ಕೆ ಫೋನ್ ಮಾಡಿ ಕೇಳಬಹುದು.

ನೂರು ರೂಪಾಯಿಯ ಮರ್ಮ

ಇಷ್ಟೆಲ್ಲ ನಿಯಮ ಇದ್ದೂ ತಪ್ಪು ಯಾಕೆ ನಿಲ್ಲುತ್ತಿಲ್ಲ? ಇನ್ನೊಂದು ನಿಯಮದ ಜೊತೆ ಹೋಲಿಸಿ ನೋಡಿ. ಸಾಲ ಪೂರ್ತಿ ತೀರಿಸಿದ 30 ದಿನದೊಳಗೆ ಮನೆ, ಜಮೀನಿನ ಮೂಲಪತ್ರ ವಾಪಸ್ಸು ಕೊಡದೆ ತಾನೇ ತಡ ಮಾಡಿದ ಬ್ಯಾಂಕು ದಿನಕ್ಕೆ 5,000 ರೂಪಾಯಿ ತೆರಬೇಕು. 2023ರ ಡಿಸೆಂಬರಿನಿಂದ ಇದು ಜಾರಿಯಲ್ಲಿದೆ. ಪತ್ರಕ್ಕೆ 5,000, ಹೆಸರಿಗೆ 100! ಸಣ್ಣ ವ್ಯಾಪಾರಿಗೆ ಒಳ್ಳೆ ಹೆಸರೇ ಆಸ್ತಿಯಲ್ಲವೇ? ಹಬ್ಬದ ಸೀಜನ್ನು ಒಂದು ಸಲ ಕೈತಪ್ಪಿದರೆ ಅವನ ನಷ್ಟ ದಿನಕ್ಕೆ ನೂರರಲ್ಲಿ ಮುಗಿಯುತ್ತದೆಯೇ?

2023ರ ಜೂನಿನಲ್ಲಿ ಮಾಹಿತಿ ನಿಖರವಾಗಿಡುವುದು, ಗಡುವಿನೊಳಗೆ ತಿದ್ದುವುದು ಮುಂತಾದ ನಿಯಮ ಮೀರಿದ್ದಕ್ಕೆ ರಿಜರ್ವ್ ಬ್ಯಾಂಕು ನಾಲ್ಕೂ ಕಂಪನಿಗಳಿಗೆ ದಂಡ ಹಾಕಿತು. ನಾಲ್ಕಕ್ಕೂ ಸೇರಿ ಸುಮಾರು 1 ಕೋಟಿ ರೂಪಾಯಿ. ಕೋಟಿ ಅಂದರೆ ನಮಗೆ ದೊಡ್ಡದು. ಇಡೀ ದೇಶದ ಸಾಲಗಾರರ ಜಾತಕ ಇಟ್ಟುಕೊಂಡ ಕಂಪನಿಗಳಿಗೆ ಅದು ಯಾವ ಲೆಕ್ಕ? ತಪ್ಪು ಮಾಡಿದವನಿಗೆ ಬಿಸಿ ತಾಗುವಷ್ಟು ಪರಿಹಾರ ಇಟ್ಟರೆ ಮಾತ್ರ ತಪ್ಪು ಕಡಿಮೆಯಾಗುತ್ತದೆ. ಅಲ್ಲಿವರೆಗೆ, ಸಾವಿರ ಜನಕ್ಕೆ ಅನ್ಯಾಯವಾಗಿ ಹತ್ತು ಜನ ದೂರು ಕೊಟ್ಟರೆ ಹತ್ತು ಜನಕ್ಕೆ ನೂರರ ಲೆಕ್ಕದಲ್ಲಿ ಕೊಟ್ಟು ಕೈತೊಳೆದುಕೊಳ್ಳುವುದೇ ಅವರಿಗೆ ಸಸ್ತಾ.

ಬ್ಯಾಂಕಿನ ಬಾಗಿಲು ಮುಚ್ಚಿದಾಗ ಯಾವ ಬಾಗಿಲು ತೆರೆಯುತ್ತದೆಂದು ಈ ರಾಜ್ಯಕ್ಕೆ ಗೊತ್ತಿದೆ. ಮೈಕ್ರೋ ಫೈನಾನ್ಸು, ಮೀಟರ್ ಬಡ್ಡಿಯವರ ಕಾಟ ಮಿತಿಮೀರಿ ಜನ ಮನೆಬಿಟ್ಟು ಹೋದರೆಂದೇ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಡಬೇಕಾಯಿತು. ಕಿರುಕುಳ ಕೊಟ್ಟವನಿಗೆ ಜೈಲು ಸರಿ. ಆದರೆ ತಪ್ಪು ದಾಖಲೆಯಿಂದ ಜನರನ್ನು ಅವನ ಮನೆಬಾಗಿಲಿಗೆ ಅಟ್ಟಿದವರನ್ನು ಕೇಳುವವರು ಯಾರು? ಇದರ ನಡುವೆ "ಸಿಬಿಲ್ ಸರಿ ಮಾಡಿಸ್ತೀವಿ, ಹತ್ತು ಸಾವಿರ ಕೊಡಿ" ಎನ್ನುವ ಏಜೆಂಟರ ಹಾವಳಿ ಬೇರೆ. ಸರಿಯಾಗಿರುವ ದಾಖಲೆಯನ್ನು ಯಾವ ಏಜೆಂಟನೂ ಅಳಿಸಲಾರ. ತಪ್ಪಾಗಿರುವುದನ್ನು ತಿದ್ದಿಸಲು ಏಜೆಂಟನೇ ಬೇಕಿಲ್ಲ, ಒಂದು ಹಾಳೆ, ಒಂದು ಪೆನ್ನು ಸಾಕು.

ಕಂತು ಕಟ್ಟದೆ ತಪ್ಪಿಸಿಕೊಂಡವರ ಪರವಾಗಿ ಈ ಅಂಕಣ ವಕಾಲತ್ತು ವಹಿಸುತ್ತಿಲ್ಲ. ಅವರದು ಮಾಡಿದ್ದುಣ್ಣೋ ಮಹಾರಾಯ. ಕಟ್ಟಿದವರು ಯಾಕೆ ಉಣ್ಣಬೇಕು ಎಂಬುದಷ್ಟೇ ಪ್ರಶ್ನೆ. ವರ್ತಕರ ಸಂಘಗಳು ಸನ್ಮಾನ, ಹಾರ ತುರಾಯಿಗಳ ನಡುವೆ ಒಂದು ಭಾನುವಾರ ಬಿಡುವು ಮಾಡಿಕೊಂಡು ಸದಸ್ಯರಿಗೆಲ್ಲ ವರದಿ ತರಿಸಿಕೊಟ್ಟು ಓದಿಸಿದರೆ ದೊಡ್ಡ ಉಪಕಾರ. ಅದಾಗುವ ತನಕ ಕಾಯಬೇಡಿ. ಇನ್ನು ಮೇಲೆ ಬ್ಯಾಂಕಿನಲ್ಲಿ "ಸಿಬಿಲ್ ಸರಿಯಿಲ್ಲ" ಅಂದರೆ ಹೇಳಬೇಕಾದ ಮಾತು ಒಂದೇ: "ಹಾಗಂತ ಬರೆದುಕೊಡಿ ಸಾರ್."