ಊರು ಕರೆಯುವ ಹೆಸರು

ಮೂಡಿಗೆರೆ ಕಡೆ ಹೋಂಸ್ಟೇ ನಡೆಸುವ ಪರಿಚಯದ ಹೆಣ್ಣುಮಗಳೊಬ್ಬರು ಹೋದ ತಿಂಗಳು ಫೋನ್ ಮಾಡಿದರು. "ಅಣ್ಣಾ, ಒಂದು ಮೇಲ್ ಕಳ್ಸಿದೀನಿ. ಓದಿ, ಇದನ್ನ ಮಾಡ್ಲೋ ಬೇಡ್ವೋ ಹೇಳಿ." ಅವರ ವೆಬ್‌ಸೈಟನ್ನು ಗೂಗಲ್‌ನಲ್ಲಿ ಮೇಲಕ್ಕೆ ತಂದುಕೊಡುತ್ತೇನೆಂದು ತಿಂಗಳು ತಿಂಗಳು ದುಡ್ಡು ಪಡೆಯುವ ಏಜೆಂಟನೊಬ್ಬ ಬರೆದದ್ದು ಅದು. ಅವರ ಮನೆಯಲ್ಲಿ ಉಳಿದು ಹೋದವರು ತಮ್ಮ ಪ್ರವಾಸದ ಬರಹಗಳಲ್ಲಿ ಇವರ ತಾಣಕ್ಕೆ ಲಿಂಕ್ ಕೊಟ್ಟಿದ್ದರು. ಒಬ್ಬರು 'ಮಳೆಯಲ್ಲಿ ಸಿಕ್ಕ ಮನೆ' ಎಂಬ ಮಾತಿಗೆ ಲಿಂಕ್ ಹಾಕಿದ್ದರೆ, ಇನ್ನೊಬ್ಬರು 'ಕಡುಬು ತಿಂದ ಜಾಗ' ಎಂಬುದಕ್ಕೆ, ಮತ್ತೊಬ್ಬರು ಬರೀ ಮನೆಯ ಹೆಸರಿಗೆ. ಏಜೆಂಟನ ಸಲಹೆ ಇಷ್ಟು: ಇವರಿಗೆಲ್ಲ ಪತ್ರ ಬರೆದು ಆ ಮಾತುಗಳನ್ನು ತೆಗೆಸಿ, ಎಲ್ಲ ಕಡೆ 'ಚಿಕ್ಕಮಗಳೂರಿನ ಅತ್ಯುತ್ತಮ ಹೋಂಸ್ಟೇ' ಎಂದು ಹಾಕಿಸಬೇಕು. ಒಪ್ಪಿದವರಿಗೆ ಮುಂದಿನ ಸಲ ಬಾಡಿಗೆಯಲ್ಲಿ ರಿಯಾಯಿತಿ ಕೊಡಬೇಕು.

ಲಿಂಕಿನ ಮೇಲೆ ಕಾಣುವ, ನಾವು ಬೆರಳಿಟ್ಟು ಒತ್ತುವ ಆ ಮಾತಿಗೆ ಈ ಕಸುಬಿನವರು 'ಆಂಕರ್ ಟೆಕ್ಸ್ಟ್' ಅನ್ನುತ್ತಾರೆ. ಕೊಂಡಿಪದ ಅಂದುಕೊಳ್ಳೋಣ. ಎರಡು ಮೂರು ಪದಗಳ ಈ ತುಂಡಿಗೆ ಅಷ್ಟೊಂದು ಬೆಲೆ ಏಕೆ ಬಂತು?

ನಮ್ಮೂರಿನ ಒಂದು ಅಂಗಡಿಯ ಬೋರ್ಡಿನ ಮೇಲೆ ಉದ್ದನೆಯ ದೇವರ ಹೆಸರು, ಕೊನೆಗೆ 'ಜನರಲ್ ಸ್ಟೋರ್ಸ್' ಎಂದಿದೆ. ಆ ಹೆಸರು ಹೇಳಿ ದಾರಿ ಕೇಳಿದರೆ ಯಾರಿಗೂ ತಿಳಿಯದು. 'ಹುಣಸೆಮರದ ಅಂಗಡಿ' ಅಂದರೆ ಸಣ್ಣ ಮಗುವೂ ಕೈ ತೋರಿಸುತ್ತದೆ. ಮರ ಕಡಿದು ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ಉಳಿದಿದೆ. ಬೋರ್ಡು ಬರೆಸಿದವನು ಮಾಲೀಕ. ಹೆಸರು ಕರೆದದ್ದು ಊರು.

ಸರ್ಚ್ ಎಂಜಿನ್ ಕಟ್ಟಿದವರು ಬಹಳ ಬೇಗ ಕಂಡುಕೊಂಡದ್ದು ಇದನ್ನೇ. 1994ರಲ್ಲಿ ಅಮೆರಿಕದ ಕೊಲೊರಾಡೋ ವಿಶ್ವವಿದ್ಯಾಲಯದಲ್ಲಿ ಆಲಿವರ್ ಮ್ಯಾಕ್‌ಬ್ರಯನ್ ಕಟ್ಟಿದ 'ವರ್ಲ್ಡ್ ವೈಡ್ ವೆಬ್ ವರ್ಮ್' ಕೊಂಡಿಪದಗಳನ್ನು ಹುಡುಕಾಟಕ್ಕೆ ಬಳಸಿಕೊಂಡಿತ್ತು. ಮುಂದೆ ಬೈದು ಕಂಪನಿ ಸ್ಥಾಪಿಸಿದ ಚೀನಾದ ಲಿ ಯಾನ್‌ಹಾಂಗ್ 1996ರಲ್ಲಿ ಮಾಡಿದ 'ರ್‍ಯಾಂಕ್‌ಡೆಕ್ಸ್' ಕೂಡ ಕೊಂಡಿಗಳನ್ನೇ ನೆಚ್ಚಿತ್ತು. 1998ರಲ್ಲಿ ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ತಮ್ಮ ಪ್ರಾಯೋಗಿಕ ಗೂಗಲ್ ಬಗ್ಗೆ ಬರೆದ ಪ್ರಬಂಧ ಇದನ್ನು ಬಿಡಿಸಿ ಹೇಳಿತು: ಕೊಂಡಿಪದವನ್ನು ಅದು ಇರುವ ಪುಟದ ಲೆಕ್ಕಕ್ಕೆ ಮಾತ್ರ ಸೇರಿಸಿದರೆ ಸಾಲದು, ಅದು ತೋರಿಸುವ ಪುಟದ ಲೆಕ್ಕಕ್ಕೂ ಸೇರಿಸಬೇಕು, ಎಷ್ಟೋ ಸಲ ಒಂದು ಪುಟ ತನ್ನ ಬಗ್ಗೆ ಹೇಳಿಕೊಳ್ಳುವುದಕ್ಕಿಂತ ಬೇರೆಯವರು ಅದನ್ನು ಬಣ್ಣಿಸುವುದೇ ಹೆಚ್ಚು ನಿಖರವಾಗಿರುತ್ತದೆ. ಆಗ ಅವರು ಜಾಲಾಡಿದ್ದ 2.4 ಕೋಟಿ ಪುಟಗಳಿಂದ ಸಿಕ್ಕ ಕೊಂಡಿಪದಗಳು ಸುಮಾರು 25.9 ಕೋಟಿ.

ಇದರ ಪರಿಣಾಮ ಎಷ್ಟು ಗಟ್ಟಿ ಎನ್ನಲು ಹಳಬರು ಕೊಡುವ ಉದಾಹರಣೆಯೊಂದಿದೆ. ಇಂಗ್ಲಿಷಿನಲ್ಲಿ 'ಕ್ಲಿಕ್ ಹಿಯರ್' ಎಂದು ಹುಡುಕಿದರೆ ಬಹಳ ಕಾಲ ಮೊದಲು ಬರುತ್ತಿದ್ದದ್ದು ಅಡೋಬಿ ಕಂಪನಿಯ ಪಿಡಿಎಫ್ ಓದುವ ತಂತ್ರಾಂಶದ ಪುಟ. ಪಿಡಿಎಫ್ ಹಾಕಿದವರೆಲ್ಲ 'ಓದಲು ತಂತ್ರಾಂಶ ಬೇಕಿದ್ದರೆ ಇಲ್ಲಿ ಕ್ಲಿಕ್ ಮಾಡಿ' ಎಂದು ಅದೇ ಪುಟದತ್ತ ಕೈ ತೋರಿಸಿದ್ದರಿಂದ ಯಂತ್ರವೂ ಅದಕ್ಕೆ ಅದೇ ಹೆಸರಿಟ್ಟಿತ್ತು. ಊರಿಗೆ ಊರೇ ಒಂದು ಮನೆಯನ್ನು 'ಅಲ್ಲಿ' ಎಂದು ಕರೆದಂತೆ.

2003ರ ಕೊನೆಯ ಹೊತ್ತಿಗೆ ಇದು ಕಿಡಿಗೇಡಿಗಳ ಕೈಗೂ ಸಿಕ್ಕಿತ್ತು. 'ಮಿಸರಬಲ್ ಫೇಲ್ಯೂರ್', ಅಂದರೆ ಹೀನಾಯ ವೈಫಲ್ಯ ಎಂಬ ಕೊಂಡಿಪದ ಹಾಕಿ ಅನೇಕರು ಅಮೆರಿಕದ ಅಂದಿನ ಅಧ್ಯಕ್ಷ ಜಾರ್ಜ್ ಬುಷ್ ಪರಿಚಯದ ಪುಟಕ್ಕೆ ಲಿಂಕ್ ಕೊಟ್ಟರು. ಆ ಪದ ಹುಡುಕಿದವರಿಗೆ ಬುಷ್ ಮೊದಲು ಸಿಕ್ಕರು, ಪುಟದಲ್ಲಿ ಆ ಪದ ಇರದಿದ್ದರೂ. 'ಬಾಂಬು' ಎಂದು ಕರೆಸಿಕೊಂಡ ಇಂಥ ಕುಚೋದ್ಯಗಳನ್ನು ಗೂಗಲ್ ನಿಷ್ಕ್ರಿಯಗೊಳಿಸಿದ್ದು 2007ರ ಜನವರಿಯಲ್ಲಿ. ಕೆಲವೇ ತಿಂಗಳಲ್ಲಿ ಶ್ವೇತಭವನದ ಆ ಪುಟದಲ್ಲೇ 'ಫೇಲ್ಯೂರ್' ಎಂಬ ಪದ ಎಲ್ಲೋ ಬಂದುಬಿಟ್ಟಿತು, ಆ ಒಂದು ಪದಕ್ಕೆ ಬುಷ್ ಮತ್ತೆ ಮೇಲೆದ್ದರು. ಊರು ಕರೆದದ್ದಕ್ಕೂ ಮನೆಯೊಳಗೆ ಇರುವುದಕ್ಕೂ ತಾಳೆ ಬೀಳುತ್ತದೆಯೇ ಎಂದು ಯಂತ್ರ ನೋಡತೊಡಗಿದ್ದು ಇಲ್ಲಿ ಕಾಣುತ್ತದೆ.

ಕಿಡಿಗೇಡಿತನಕ್ಕಿಂತ ದೊಡ್ಡ ಕೇಡು ಮಾಡಿದ್ದು ವ್ಯಾಪಾರ. 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಜೆ.ಸಿ. ಪೆನ್ನಿ ಎಂಬ ದೊಡ್ಡ ಮಳಿಗೆಯ ಕಥೆ ಬಯಲಿಗಿಟ್ಟಿತು. ಬಟ್ಟೆಗೂ ಮಂಚಕ್ಕೂ ಸಂಬಂಧವಿಲ್ಲದ ಸಾವಿರಾರು ಪುಟಗಳಲ್ಲಿ 'ಈವನಿಂಗ್ ಡ್ರೆಸಸ್' ಎಂಬಂಥ ಪದಗಳಿಗೆ ಪೆನ್ನಿಯ ಲಿಂಕ್ ಅಂಟಿಸಲಾಗಿತ್ತು. ಕಂಪನಿ ತನಗೆ ಗೊತ್ತಿಲ್ಲವೆಂದಿತು, ಸಲಹೆಗಾರರನ್ನು ತೆಗೆದುಹಾಕಿತು. ಗೂಗಲ್ ಕೈಯಾರೆ ಕೆಳಗಿಳಿಸಿದಾಗ 'ಲಿವಿಂಗ್ ರೂಮ್ ಫರ್ನಿಚರ್' ಹುಡುಕಾಟದಲ್ಲಿ ಮೊದಲಿದ್ದ ಅಂಗಡಿ 68ನೇ ಜಾಗಕ್ಕೆ ಬಿತ್ತು. ಅದೇ ತಿಂಗಳು ಓವರ್‌ಸ್ಟಾಕ್ ಎಂಬ ಇನ್ನೊಂದು ಆನ್‌ಲೈನ್ ಅಂಗಡಿಗೂ ಶಿಕ್ಷೆಯಾಯಿತು. ಕಾಲೇಜುಗಳ ತಾಣಗಳಲ್ಲಿ ತಾನು ಹೇಳಿದ ಪದಗಳಿಗೆ ಲಿಂಕ್ ಹಾಕಿಸಿಕೊಂಡು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ರಿಯಾಯಿತಿ ಕೊಟ್ಟದ್ದು ಅದರ ತಪ್ಪು. ನಮ್ಮ ಮೂಡಿಗೆರೆಯ ಏಜೆಂಟ್ ಹೇಳಿದ್ದೂ ಅದನ್ನೇ.

2012ರ ಏಪ್ರಿಲ್ 24ರಂದು, ಇಂಥ ಲಿಂಕುಗಳ ತಾಣಗಳನ್ನು ಕೆಳಗಿಳಿಸುವ ಗೂಗಲ್‌ನ ಹೊಸ ಲೆಕ್ಕಾಚಾರ 'ಪೆಂಗ್ವಿನ್' ಬಂತು. ಇಂಗ್ಲಿಷ್ ಹುಡುಕಾಟಗಳಲ್ಲಿ ಶೇಕಡಾ 3ರಷ್ಟರ ಮೇಲೆ ಅದರ ಪರಿಣಾಮವಾಯಿತು. ನಿನ್ನೆಯವರೆಗೆ ಲಿಂಕ್ ಹಾಕಿ ಎಂದು ದುಡ್ಡು ಕೊಟ್ಟವರು ಈಗ ತೆಗೆಯಿರಿ, ಪದ ಬದಲಿಸಿ ಎಂದು ಅಂಗಲಾಚಿದರು. ಇಂಥ ಲಿಂಕುಗಳು ನನ್ನವಲ್ಲ ಎಂದು ಹೇಳಿಕೊಳ್ಳುವ ಸೌಲಭ್ಯವನ್ನೂ ಗೂಗಲ್ ಆ ವರ್ಷದ ಅಕ್ಟೋಬರಿನಲ್ಲಿ ತೆರೆಯಬೇಕಾಯಿತು. 2016ರ ಸೆಪ್ಟೆಂಬರಿನಲ್ಲಿ ಪೆಂಗ್ವಿನ್ ಮೂಲ ಯಂತ್ರದ ಭಾಗವೇ ಆಗಿ, ಕೆಟ್ಟ ಲಿಂಕ್ ಕಂಡರೆ ಇಡೀ ತಾಣವನ್ನು ತಳ್ಳುವ ಬದಲು ಆ ಲಿಂಕನ್ನು ಲೆಕ್ಕಕ್ಕೇ ಹಿಡಿಯದಿರುವ ದಾರಿ ಹಿಡಿಯಿತು.

ಹಾಗಾದರೆ ಕೊಂಡಿಪದದ ಕಾಲ ಮುಗಿಯಿತೇ? ಇಲ್ಲ. ಅಮೆರಿಕದ ನ್ಯಾಯ ಇಲಾಖೆ ಗೂಗಲ್ ವಿರುದ್ಧ ಹೂಡಿದ ಏಕಸ್ವಾಮ್ಯ ಮೊಕದ್ದಮೆಯ ದಾಖಲೆಗಳಲ್ಲಿ ಅಲ್ಲಿನ ಎಂಜಿನಿಯರೊಬ್ಬರು ಮೂರು ಮೂಲ ಆಧಾರಗಳನ್ನು 'ಎ, ಬಿ, ಸಿ' ಎಂದು ಹೆಸರಿಸಿದ್ದಾರೆ. ಬಿ ಎಂದರೆ ಪುಟದ ಒಡಲು, ಸಿ ಎಂದರೆ ಕ್ಲಿಕ್ಕು. ಎ ಎಂದರೆ ಇದೇ ಆಂಕರ್. ಆದ್ದರಿಂದ ಕೊಂಡಿಪದ ಬದಲಾದರೆ ಪುಟದ ಸ್ಥಾನವೂ ಬದಲಾಗಬಹುದು. ಹಾಗಾಗಲು ಲಿಂಕ್ ಇರುವ ಪುಟವನ್ನು ಯಂತ್ರ ಮತ್ತೆ ಬಂದು ಓದಬೇಕು, ಆ ಪುಟದ ಮೇಲೆ ಅದಕ್ಕೆ ನಂಬಿಕೆ ಇರಬೇಕು, ಹೊಸ ಮಾತು ತೋರಿಸುವ ಪುಟಕ್ಕೆ ಹೊಂದಬೇಕು. ತಪ್ಪು ಹೆಸರನ್ನು ಸರಿಪಡಿಸಿದರೆ, 'ಇಲ್ಲಿ' ಎಂದಿದ್ದಲ್ಲಿ ವಿಷಯ ಬರೆದರೆ ಲಾಭವಿದೆ. ಆದರೆ ಬೇರೆ ಬೇರೆ ಮನುಷ್ಯರು ಬೇರೆ ಬೇರೆ ವರ್ಷಗಳಲ್ಲಿ ಬರೆದ ಮಾತುಗಳೆಲ್ಲ ಒಂದೇ ವಾರದಲ್ಲಿ ಒಂದೇ ವಾಕ್ಯವಾದರೆ ಅದು ಸಾಕ್ಷಿಗಳಿಗೆ ಪಾಠ ಹೇಳಿಕೊಟ್ಟಂತೆ. ಬೇರೆಯವರ ತಾಣಗಳಲ್ಲಿ ಲೇಖನ, ಪ್ರಕಟಣೆಗಳ ನೆಪದಲ್ಲಿ ಇಂಥ ತಿದ್ದಿದ ಕೊಂಡಿಪದ ಹರಡುವುದನ್ನು ಗೂಗಲ್ ತನ್ನ ನೀತಿಯಲ್ಲಿ ಸ್ಪ್ಯಾಮ್ ಎಂದೇ ಬರೆದಿದೆ.

ಕನ್ನಡದಲ್ಲಿ ಸಹಜ ಲಿಂಕುಗಳು ತಾವಾಗಿಯೇ ಬೇರೆ ಬೇರೆಯಾಗುತ್ತವೆ. ಒಬ್ಬರು 'ಹಂಪಿ' ಎನ್ನುತ್ತಾರೆ, ಇನ್ನೊಬ್ಬರು 'ಹಂಪೆ'. ವಾಕ್ಯದೊಳಗೆ ಕೂತಾಗ ಅದು 'ಹಂಪಿಯಲ್ಲಿ', 'ಹಂಪೆಯ' ಆಗುತ್ತದೆ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು, ಬ್ಯಾಂಗಲೋರ್ ಬೆಂಗಳೂರಾಯಿತು. ಹಳೆಯ ಲಿಂಕುಗಳನ್ನೆಲ್ಲ ಹುಡುಕಿ ತಿದ್ದಿಸಲು ಯಾರೂ ಹೊರಡಲಿಲ್ಲ, ಹುಡುಕುವವರಿಗೆ ಎರಡರಿಂದಲೂ ಊರು ಸಿಗುತ್ತಿದೆ.

ನನಗೆ ನೋವಾಗುವುದು ಬೇರೆ ಕಡೆ. ನಮ್ಮ ಸುದ್ದಿ ತಾಣಗಳನ್ನು, ಇಲಾಖೆಗಳ ಪುಟಗಳನ್ನು, ನೇಮಕಾತಿ ಪ್ರಕಟಣೆಗಳನ್ನು ತೆರೆದು ನೋಡಿ. ಎಲ್ಲೆಲ್ಲೂ 'ಇಲ್ಲಿ ಕ್ಲಿಕ್ ಮಾಡಿ', 'ಇನ್ನಷ್ಟು ಓದಿ'. ರೈತರ ಬೆಳೆ ವಿಮೆಯ ಅರ್ಜಿಗೂ ಅದೇ ಮಾತು, ಪರೀಕ್ಷೆಯ ಫಲಿತಾಂಶಕ್ಕೂ ಅದೇ ಮಾತು. ಕನ್ನಡದಲ್ಲಿ ಲಿಂಕುಗಳೇ ಕಡಿಮೆ. ಇರುವ ಕೆಲವೂ ಬಾಯಿ ಬಿಟ್ಟು ಏನನ್ನೂ ಹೇಳದಿದ್ದರೆ ಕನ್ನಡದಲ್ಲಿ ಹುಡುಕುವವನಿಗೆ ಯಂತ್ರ ಯಾವ ಆಧಾರದ ಮೇಲೆ ದಾರಿ ತೋರಿಸಬೇಕು? ಕಣ್ಣು ಕಾಣದವರ ಪಾಡು ಇನ್ನೂ ಕಷ್ಟ. ಪುಟವನ್ನು ಓದಿ ಹೇಳುವ ತಂತ್ರಾಂಶದಲ್ಲಿ ಅವರು ಬರೀ ಲಿಂಕುಗಳ ಪಟ್ಟಿ ತೆಗೆದು ಕೇಳುವುದುಂಟು. ಅದು 'ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ' ಎಂದು ಇಪ್ಪತ್ತು ಸಲ ಹೇಳುತ್ತದೆ. ಅರ್ಜಿ ಯಾವುದು, ಆದೇಶ ಯಾವುದು ಎಂದು ಅವರು ಹೇಗೆ ತಿಳಿಯಬೇಕು? 'ಬೆಳೆ ವಿಮೆ ಅರ್ಜಿ ನಮೂನೆ' ಎಂದು ಲಿಂಕಿನ ಮೇಲೇ ಬರೆಯಲು ಹಿಡಿಯುವುದು ಅರ್ಧ ನಿಮಿಷ. ಇದಕ್ಕೆ ಬಜೆಟ್ಟೂ ಬೇಡ, ಟೆಂಡರೂ ಬೇಡ.

ಆ ಹೆಣ್ಣುಮಗಳಿಗೆ ನಾನು ಹೇಳಿದ್ದು, ಅತಿಥಿಗಳ ಮಾತನ್ನು ಮುಟ್ಟಬೇಡಿ, ನಿಮ್ಮ ಸ್ವಂತ ತಾಣದ ಲಿಂಕುಗಳನ್ನು ಸರಿಮಾಡಿ ಎಂದು. ಅಲ್ಲಿ ಅವರದೇ ಯಜಮಾನಿಕೆ, ಯಾರನ್ನೂ ಕೇಳಬೇಕಿಲ್ಲ. "ಒಬ್ರು ನಮ್ಮನೆ ಹೆಸ್ರು ತಪ್ಪಾಗಿ ಬರ್ದಿದಾರಲ್ಲ, ಅದು?" ಎಂದರು. ಅದನ್ನು ಖಂಡಿತ ಕೇಳಿ ತಿದ್ದಿಸಿ ಎಂದೆ. ಕಳೆದ ವಾರ ಅವರ ತಾಣ ತೆರೆದೆ. ನಾಲ್ಕು ಕಡೆ ಇದ್ದ 'ಇನ್ನಷ್ಟು ಓದಿ' ಹೋಗಿ, 'ತೋಟದೊಳಗೆ ಒಂದು ಗಂಟೆಯ ನಡಿಗೆ', 'ಮಳೆಗಾಲದಲ್ಲಿ ಬರುವ ದಾರಿ', 'ಅಡುಗೆಮನೆಯಲ್ಲಿ ಏನೇನು ಸಿಗುತ್ತದೆ' ಬಂದಿವೆ. ನಾಲ್ಕನೆಯದು ಇನ್ನೂ ಖಾಲಿ. ಅದು ಹಿತ್ತಲಿನ ಹಳೇ ಬಾವಿಯ ಪುಟ, ಏನೆಂದು ಕರೆಯಬೇಕೆಂದು ಅತ್ತೆಯನ್ನು ಕೇಳಿ ಹಾಕುತ್ತಾರಂತೆ.