ಮುಷ್ಟಿಗೆ ಜಗ್ಗದ ಗಾಜು, ಮೊನೆಗೆ ಪುಡಿ!

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಹಿರಿಯರೊಬ್ಬರು ಬಲಗೈ ಊದಿಸಿಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದರು. ಕಿರುಬೆರಳಿನ ಬುಡದ ಮೂಳೆ ಮುರಿದಿತ್ತು. ಕೀಲಿ ಒಳಗೇ ಉಳಿದು ಕಾರು ಲಾಕ್ ಆಗಿತ್ತಂತೆ. ಒಳಗೆ ಎರಡು ವರ್ಷದ ಮೊಮ್ಮಗಳು. ಗಾಬರಿಯಲ್ಲಿ ಕಿಟಕಿಗೆ ಗುದ್ದಿದರು, ದುಂಡುಕಲ್ಲಿನಿಂದ ಹೊಡೆದರು. ಗಾಜು ಜಗ್ಗಲಿಲ್ಲ. ಪಕ್ಕದ ಗ್ಯಾರೇಜಿನ ಹುಡುಗ ಚೂಪಾದ ಪಂಚ್ ತಂದು ಮೂಲೆಗೆ ಒಂದೇ ಏಟು ಕೊಟ್ಟ. ಗಾಜು ಕಲ್ಲುಸಕ್ಕರೆಯಂತೆ ಉದುರಿತು. ಮಗು ಕ್ಷೇಮ.

‘ನನ್ನ ಏಟಿಗೆ ಒಡೆಯದ್ದು ಅವನಿಗೆ ಹೇಗೆ ಒಡೆಯಿತು ಡಾಕ್ಟ್ರೇ?’ ಎಂದರು.

ಗುಟ್ಟು ಬಲದಲ್ಲಿಲ್ಲ, ಮೊನೆಯಲ್ಲಿದೆ. ಕಾರಿನ ಪಕ್ಕದ ಕಿಟಕಿಗಳಿಗೆ ಸಾಮಾನ್ಯವಾಗಿ ಟೆಂಪರ್ಡ್ ಗಾಜು ಹಾಕಿರುತ್ತಾರೆ. ಇದನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ಗಾಳಿ ಹಾಯಿಸಿ ಥಟ್ಟನೆ ತಣಿಸುತ್ತಾರೆ. ಇದರಿಂದ ಹೊರಮೈ ಸದಾ ಒತ್ತಡದಲ್ಲಿಯೂ ಒಳಭಾಗ ಸದಾ ಎಳೆತದಲ್ಲಿಯೂ ಇರುತ್ತದೆ. ಮುಷ್ಟಿಯ ಏಟು ಹರಡಿಹೋಗುತ್ತದೆ. ಆದರೆ ಗಾಜಿಗಿಂತ ಗಡುಸಾದ ಟಂಗ್‌ಸ್ಟನ್ ಕಾರ್ಬೈಡ್‌ನಂಥ ಮೊನೆ ಹೊರಪದರವನ್ನು ಸೀಳಿತೆಂದರೆ, ಒಳಗಿನ ಎಳೆತವೇ ಕ್ಷಣಾರ್ಧದಲ್ಲಿ ಇಡೀ ಗಾಜನ್ನು ಪುಡಿ ಮಾಡುತ್ತದೆ.

ವೈದ್ಯನಿಗೇಕೆ ಈ ಉಸಾಬರಿ ಎನ್ನುತ್ತೀರಾ? ಇಲ್ಲಿ ಲೆಕ್ಕ ನಿಮಿಷಗಳದು. ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಶಾಖ ಏರುವುದು ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ. ಮಗುವಿನ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ನೀರಿನಲ್ಲಂತೂ ಸಮಯ ಇನ್ನೂ ಕಡಿಮೆ. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನ ಮಳೆನೀರಿನಲ್ಲಿ ಕಾರು ಮುಳುಗಿ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡದ್ದನ್ನು ನಾವು ಮರೆಯಬಾರದು. ಕಾರು ನೀರಿಗಿಳಿದರೆ ಫೋನ್ ಹುಡುಕಬೇಡಿ; ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಹೊರಹಾಕಿ, ನೀವೂ ಹೊರಬನ್ನಿ. ನೀರು ಏರಿದ ಮೇಲೆ ಅದರ ಒತ್ತಡಕ್ಕೆ ಬಾಗಿಲು ತೆರೆಯುವುದಿಲ್ಲ.

ಕಿಟಕಿ ಇಳಿಯದಿದ್ದರೆ ಮೊನೆಯೇ ಗತಿ. ಗಾಜು ಒಡೆಯುವ ಪುಟ್ಟ ಸುತ್ತಿಗೆಯನ್ನೋ ಸ್ಪ್ರಿಂಗ್ ಪಂಚನ್ನೋ ಚಾಲಕನ ಕೈಗೆಟುಕುವಂತೆ ಇಡಿ, ಡಿಕ್ಕಿಯಲ್ಲಿಟ್ಟರೆ ಪ್ರಯೋಜನವಿಲ್ಲ. ನೀರೊಳಗೆ ಸುತ್ತಿಗೆ ಬೀಸುವುದು ಕಷ್ಟ, ಅಲ್ಲಿ ಪಂಚ್ ಮೇಲು. ಹೊಡೆಯಬೇಕಾದ್ದು ಪಕ್ಕದ ಗಾಜಿನ ಮೂಲೆಗೆ. ಮುಂದಿನ ಗಾಜು ಲ್ಯಾಮಿನೇಟೆಡ್. ನಡುವೆ ಪ್ಲಾಸ್ಟಿಕ್ ಪದರವಿರುವುದರಿಂದ ಬಿರುಕು ಬಿಟ್ಟರೂ ಉದುರದು. ಈಗ ಕೆಲವು ಕಾರುಗಳಲ್ಲಿ ಪಕ್ಕದ ಗಾಜೂ ಹಾಗೇ ಇರುತ್ತದೆ. ಗಾಜಿನ ಮೂಲೆಯಲ್ಲಿರುವ ಗುರುತನ್ನು ಇಂದೇ ನೋಡಿಕೊಳ್ಳಿ.

ಒಡೆಯುವಾಗ ಮಗುವಿನಿಂದ ದೂರದ ಕಿಟಕಿ ಆರಿಸಿ, ಕೈಗೆ ಬಟ್ಟೆ ಸುತ್ತಿ, ಮುಖ ತಿರುಗಿಸಿ. ಕಣ್ಣಿಗೆ ಚೂರು ಬಿದ್ದರೆ ಉಜ್ಜಬೇಡಿ, ಶುದ್ಧ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಿ. ಆಳವಾಗಿ ನೆಟ್ಟ ಚೂರನ್ನು ಕೀಳಬೇಡಿ. ಬಿಸಿಲಿನ ಕಾರಿನಿಂದ ತೆಗೆದ ಮಗು ಮಂಕಾಗಿದ್ದರೆ ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ನೀರು ಹಾಕಬೇಡಿ.

ಸೀಟಿನ ಕವರಿಗೆ, ಹಾಡಿನ ಪೆಟ್ಟಿಗೆಗೆ ಸಾವಿರಾರು ರೂಪಾಯಿ ಸುರಿಯುತ್ತೇವೆ. ಕೆಲವು ನೂರು ರೂಪಾಯಿಯ ಈ ಮೊನೆಗೆ ಮಾತ್ರ ಜಿಪುಣತನವೇಕೆ? ಅದು ಎಂದೂ ಬಳಕೆಗೆ ಬಾರದಿರಲಿ. ಆದರೆ ಕಾರಿನಲ್ಲಿ ಇರಲಿ.